ಕರೆಂಟು ಹೋದಾಗ ಕಂಡ ಮುಖಗಳು

ಒಳಾಂಗಣ ವಿನ್ಯಾಸದ ಡಿಪ್ಲೊಮಾ ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸವೆಂದರೆ, ಮೈಸೂರಿನ ಒಂದು ಹಳೆಯ ಹೋಟೆಲನ್ನು ಇನ್ನೂ ಹಳೆಯದಾಗಿ ಕಾಣುವಂತೆ ಮಾಡುವುದು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅರಮನೆಗೆ ಬರುವ ಅತಿಥಿಗಳಿಗಾಗಿ ಕಟ್ಟಿಸಿದ್ದ ಬಂಗಲೆ ಅದು. ಕೈಯಿಂದ ಕೈಗೆ ದಾಟಿ, ಲಾಡ್ಜಾಗಿ, ಊಟದ ಹೋಟೆಲಾಗಿ, ಕೊನೆಗೆ ಒಬ್ಬ ರೇಷ್ಮೆ ಸೀರೆ ವ್ಯಾಪಾರಿಯ ಪಾಲಿಗೆ ಬಂದಿತ್ತು. ಕಂಬಗಳಿಗೆ ಆಳೆತ್ತರದವರೆಗೆ ಹಸಿರು ಆಯಿಲ್ ಪೇಂಟು, ಚಾವಣಿಯ ಗಾರೆಯ ಹೂಬಳ್ಳಿಗಳ ಮೇಲೆ ಹಾದುಹೋದ ವೈರುಗಳು, ಊಟದ ಹಾಲಿನ ನಟ್ಟನಡುವೆ ಕೈ ತೊಳೆಯುವ ಬೇಸಿನ್ನು. ಸಾಲಾಗಿ ಟ್ಯೂಬ್‌ಲೈಟುಗಳು. ಅನ್ನದಲ್ಲಿ ಕಲ್ಲಿದ್ದರೆ ಪಕ್ಕದ ಟೇಬಲ್ಲಿನವನಿಗೂ ಕಾಣುವಷ್ಟು ಬೆಳಕು.

ಹೊಸ ಮಾಲೀಕರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಬಿಳಿ ಪಂಚೆ, ಹಣೆಯ ತುಂಬ ವಿಭೂತಿ, ಯಾರು ಏನು ಹೇಳಿದರೂ ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ. ಹಳೇ ಕಟ್ಟಡಗಳಿಗೆ ಈಗ ಪ್ರವಾಸಿಗಳು ಬರುತ್ತಾರೆಂದು ಯಾರೋ ಹೇಳಿದ್ದರಿಂದ ಅವರು ಬೊಂಬಾಯಿಯಿಂದ ಒಬ್ಬ ಡಿಸೈನರನ್ನು ಕರೆಸಿದ್ದರು. ಅವನು ಯಾವಾಗಲೂ ಕಪ್ಪು ಅಂಗಿ ತೊಡುತ್ತಿದ್ದ. ಅವನಿಗೆ ಕನ್ನಡ ಬಾರದು, ಯಜಮಾನರಿಗೆ ಇಂಗ್ಲಿಷ್ ಬಾರದು. ನಾನು ಅವನ ಸಹಾಯಕಿಯಾಗಿ ಸೇರಿದೆನಾದರೂ ನನ್ನ ನಿಜವಾದ ಉದ್ಯೋಗ ಇಬ್ಬರ ನಡುವೆ ನಿಂತು ಮಾತು ದಾಟಿಸುವುದೇ ಆಯಿತು.

ಅವನ ಸಿದ್ಧಾಂತ ಒಂದೇ. ಚರಿತ್ರೆ ಎಂದರೆ ಮಂದ ಬೆಳಕು. ಟ್ಯೂಬ್‌ಲೈಟು ಹೋಗಬೇಕು, ಬಲ್ಬು ಕಣ್ಣಿಗೆ ಬೀಳಬಾರದು, ಗೋಡೆಯ ಗೂಡುಗಳಲ್ಲಿ ಹಿತ್ತಾಳೆಯ ದೀಪಗಳಂಥವನ್ನು ಅಡಗಿಸಿ ಅವುಗಳ ಮೇಲೆ ರಂಧ್ರ ಕೊರೆದ ತಗಡು ಮುಚ್ಚಬೇಕು. ಮೊದಲ ವಾರ ಅವನು ಹಾಲಿನ ಮಧ್ಯೆ ನಿಂತು, ಇಲ್ಲಿ ಕತ್ತಲು ಮಾತಾಡಬೇಕು ಎಂದ.

"ಏನಂತಾರವ್ವ?" ಎಂದರು ಯಜಮಾನರು.

"ಸ್ವಲ್ಪ ಲೈಟು ಕಮ್ಮಿ ಮಾಡೋಣ ಅಂತಾರೆ."

"ಕರೆಂಟ್ ಬಿಲ್ಲೂ ಕಮ್ಮಿ ಆಯ್ತದಾ?"

"ಆಗುತ್ತೆ ಸಾರ್."

"ಅಂಗಾರೆ ಮಾಡ್ಲಿ ಬುಡಿ."

ಹೀಗೆ ಹಾಲು ದಿನದಿಂದ ದಿನಕ್ಕೆ ಕಪ್ಪಾಗುತ್ತ ಹೋಯಿತು. ಗೋಡೆಗೆ ಕಡುಗೆಂಪು ಸುಣ್ಣ, ಕಿಟಕಿಗೆ ದಪ್ಪ ಪರದೆ, ಕುರ್ಚಿಗಳಿಗೆ ಕಾಫಿಪುಡಿ ಬಣ್ಣದ ಬಟ್ಟೆ. ಒಂದೊಂದು ದೀಪ ಹಾಕಿದಾಗಲೂ ಅವನು ದೂರ ನಿಂತು ನೋಡಿ, ಇನ್ನೂ ಕಡಿಮೆ, ಎನ್ನುತ್ತಿದ್ದ. ನನಗೂ ಅದು ಚಂದವೆಂದೇ ತೋರುತ್ತಿತ್ತು. ಕಂಬಗಳ ನೆರಳು ಕಮಾನಿನ ಮೇಲೆ ಬಿದ್ದಾಗ ಆ ಹಳೆಯ ಕಟ್ಟಡ ಉಸಿರಾಡುವಂತೆ ಕಾಣುತ್ತಿತ್ತು. ಮನೆಯಲ್ಲಿ ಇದನ್ನು ವರ್ಣಿಸಿದಾಗ ಅಪ್ಪ ಪೇಪರು ಕೆಳಗಿಟ್ಟು, "ನಿಮ್ಮ ತಾತ ಅರಮನೆಯ ದೀಪದ ಕಚೇರಿಯಲ್ಲಿದ್ದವರು. ಬಲ್ಬು ಹಾಕೋದೇ ಅವರ ಉದ್ಯೋಗ. ನೀನು ತೆಗೆಯೋ ಉದ್ಯೋಗ ಹಿಡಿದಿದ್ದೀಯ," ಎಂದರು. ಕೋಪದಿಂದಲ್ಲ, ಒಂದು ಸಂಗತಿ ಗಮನಕ್ಕೆ ತರುವಂತೆ.

ಯಜಮಾನರು ಒಂದೇ ಒಂದು ವಿಷಯದಲ್ಲಿ ತಮ್ಮ ಹಟ ಸಾಧಿಸಿದರು. ತೆಗೆದ ಟ್ಯೂಬ್‌ಲೈಟುಗಳನ್ನು ಎಸೆಯಲು ಬಿಡಲಿಲ್ಲ. ಚಾವಣಿಯ ಅಂಚಿನ ಗಾರೆಯ ಹಿಂದೆ ಸಾಲಾಗಿ ಕೂರಿಸಿ, ಎಲ್ಲವನ್ನೂ ಜನರೇಟರ್ ಲೈನಿಗೆ ಜೋಡಿಸಿದರು. ಡಿಸೈನರನ ನಾಜೂಕು ದೀಪಗಳು ಹೇಗೂ ಆ ಮುದಿ ಜನರೇಟರಿನ ಹೊಡೆತ ತಾಳುತ್ತಿರಲಿಲ್ಲ. "ಕರೆಂಟ್ ಓದಾಗಾದ್ರೂ ಬೆಳಕಿರ್ಲಿ ಕಣವ್ವ," ಎಂದರು ಯಜಮಾನರು. ಈ ವಾಕ್ಯವನ್ನು ನಾನು ಇಂಗ್ಲಿಷಿಗೆ ದಾಟಿಸಲಿಲ್ಲ.

ಆರಂಭೋತ್ಸವದ ಪೂಜೆಯ ದಿನ ಪುರೋಹಿತರಿಗೆ ಗಣಪತಿ ಯಾವ ಕಡೆ ಮುಖ ಮಾಡಿದ್ದಾನೆಂದು ತಿಳಿಯಲಿಲ್ಲ. ಯಜಮಾನರ ಹೆಂಡತಿ ಮುತ್ತೈದೆಯರಿಗೆ ಕುಂಕುಮ ಕೊಡುತ್ತ ಹೋಗಿ, ಬಾಗಿಲ ಪಕ್ಕದಲ್ಲಿ ನಿಂತಿದ್ದ ಅಮೃತಶಿಲೆಯ ದೊರೆಸಾನಿಯ ಹಣೆಗೂ ಇಟ್ಟರು. ಮಂಗಳಾರತಿ ಎತ್ತಿದಾಗ ಚಾವಣಿಯ ಚಿತ್ತಾರ ಎಲ್ಲರಿಗೂ ಮೊದಲ ಸಲ ಕಂಡಿತು. ಜನ ದೇವರನ್ನು ಬಿಟ್ಟು ಮೇಲೆ ನೋಡಿದರು. ಡಿಸೈನರ್ ಕಣ್ಣೊರೆಸಿಕೊಂಡು, ಮಾರನೆಯ ದಿನ ಬೊಂಬಾಯಿಗೆ ಹೋದ. ಉಳಿದ ಕೋಣೆಗಳ ಕೆಲಸ ನೋಡಿಕೊಳ್ಳಲು ನಾನು ಅಲ್ಲೇ ಉಳಿದೆ.

ತೊಂದರೆ ಶುರುವಾದದ್ದು ಆಮೇಲೆ. ಮೈಸೂರಿನ ಜನಕ್ಕೆ ಮಂದ ಬೆಳಕೆಂದರೆ ಕರೆಂಟ್ ಹೋಗಿದೆ ಎಂದೇ ಅರ್ಥ. ಒಳಗೆ ಬಂದು ಕೂತವರು ಏನನ್ನೂ ತರಹೇಳದೆ ಸುಮ್ಮನಿರುತ್ತಿದ್ದರು. ಸರ್ವರ್ ಹೋಗಿ ಕೇಳಿದರೆ, "ಇರ್ಲಿ ಬಿಡಿ, ಕರೆಂಟ್ ಬರ್ಲಿ, ಆಮೇಲೆ ಹೇಳ್ತೀವಿ," ಎನ್ನುತ್ತಿದ್ದರು. ಕರೆಂಟ್ ಇದೆ ಎಂದು ಅವನು ಹೇಳಿದರೆ ಅವನನ್ನೇ ಮರುಕದಿಂದ ನೋಡುತ್ತಿದ್ದರು. ನೋಡುತ್ತಿದ್ದರೆಂದು ಅವನು ಹೇಳಿದ್ದು, ಮುಖವೇನೂ ಕಾಣುತ್ತಿರಲಿಲ್ಲ. ಯಾರೋ ಒಬ್ಬರು ಸಾರಿನ ಬಟ್ಟಲಲ್ಲಿ ಕೈ ತೊಳೆದುಕೊಂಡು, ಬಿಸಿನೀರು ಕೊಟ್ಟಿದ್ದಕ್ಕೆ ಸಂತೋಷಪಟ್ಟು ಹೋದರು. ಹಿರಿಯ ಸರ್ವರ್ ಕೊನೆಗೆ ತಟ್ಟೆ ಇಡುವಾಗ ಬಾಯಲ್ಲೇ ಹೇಳತೊಡಗಿದ: "ಎಡಕ್ಕೆ ಪಲ್ಯ, ಬಲಕ್ಕೆ ಚಟ್ನಿ, ಮಧ್ಯೆ ದೋಸೆ."

ನಿಜವಾಗಿ ಕರೆಂಟ್ ಹೋದಾಗ ಮಾತ್ರ ಹಾಲು ಬೆಳಗುತ್ತಿತ್ತು. ಜನರೇಟರ್ ಗುಡುಗಿ, ಗಾರೆಯ ಹಿಂದಿನ ಟ್ಯೂಬ್‌ಲೈಟುಗಳೆಲ್ಲ ಒಮ್ಮೆಲೆ ಹೊತ್ತಿಕೊಂಡರೆ ಜನ "ಅಬ್ಬ, ಬಂತು," ಎಂದು ಉಸಿರುಬಿಟ್ಟು, ಗಡಿಬಿಡಿಯಿಂದ ತಿಂಡಿ ಹೇಳಿ, ಮತ್ತೆ ಕರೆಂಟ್ ಬರುವುದರೊಳಗೆ ತಿಂದು ಏಳುತ್ತಿದ್ದರು. ಕೆಲವರು ಮನೆಯಿಂದ ಫೋನು ಮಾಡಿ ಕೇಳುವುದೂ ಇತ್ತು.

"ಕರೆಂಟ್ ಇದೆಯಾ ನಿಮ್ಮಲ್ಲಿ?"

"ಇದೆ ಸಾರ್."

"ಹಾಗಾದ್ರೆ ನಾಳೆ ಬರ್ತೀವಿ."

ಇಂಥ ಹೊತ್ತಿನಲ್ಲೇ ನನಗೆ ಗಂಡು ನೋಡುತ್ತಿದ್ದರು. ಅದುವರೆಗೆ ನನ್ನನ್ನು ನೋಡಿ ಹೋದವರ ಮುಂದೆಲ್ಲ ನಾನು ಮನೆಯ ಹಾಲಿನಲ್ಲಿ, ನೇರ ಟ್ಯೂಬ್‌ಲೈಟಿನ ಕೆಳಗೆ, ಸಜ್ಜಿಗೆ-ಬಜ್ಜಿಯ ತಟ್ಟೆ ಹಿಡಿದು ಕೂತಿದ್ದೆ. ಗಂಡಿನ ಕಡೆಯ ಹೆಂಗಸರು ನನ್ನ ಮೂಗಿನಿಂದ ಪಾದದವರೆಗೆ ಕಣ್ಣಾಡಿಸುತ್ತಿದ್ದರು. ಈ ಸಲದ ಗಂಡು ಹಾಸನದಲ್ಲಿ ಮೂಳೆ ಡಾಕ್ಟರು. ಅವರ ಮನೆಯಲ್ಲೂ ನಮ್ಮ ಹಾಗೆಯೇ ಹಣೆಗೆ ಅಂಗಾರ-ಅಕ್ಷತೆ, ಅದೇ ಮಠ. ಫೋಟೋದಲ್ಲಿ ಅವರು ಪದವಿ ಪ್ರದಾನದ ಕರಿ ನಿಲುವಂಗಿಯಲ್ಲಿ ಗುಂಪಿನ ನಡುವೆ ಸಾಸಿವೆಕಾಳಿನಷ್ಟು ಕಾಣುತ್ತಿದ್ದರು. ಸಂಬಂಧ ತಂದಿದ್ದ, ಅವರ ಗುರುತಿದ್ದ ಅಪ್ಪನ ಸ್ನೇಹಿತರಿಗೆ ಹೆಣ್ಣು ನೋಡುವ ದಿನ ಜ್ವರ ಬಂದು ಬರಲಾಗಲಿಲ್ಲ. ನಮ್ಮ ಮನೆಗೆ ಆಗ ಸುಣ್ಣ ಬಳಿಯುತ್ತಿದ್ದರು. ವಿಷಯ ಕಿವಿಗೆ ಬಿದ್ದ ಯಜಮಾನರು, "ನಮ್ಮ ಓಟ್ಲು ಇರೋವಾಗ ಯೋಚ್ನೆ ಯಾಕವ್ವ? ನಿನ್ ಕೈಯಾರೆ ಮಾಡಿದ ಹಾಲು. ಅಲ್ಲೇ ನೋಡ್ಲಿ," ಎಂದುಬಿಟ್ಟರು.

ಆ ದಿನ ಸಂಜೆ ನಾವು ಮೂವರು, ಅಪ್ಪ, ಅಮ್ಮ, ನಾನು, ಪೂರ್ವದ ಮೂಲೆಯ ಕಮಾನಿನ ಕೆಳಗೆ ಕೂತೆವು. ಹಾಲಿನ ಇನ್ನೊಂದು ಮೂಲೆಯಲ್ಲಿ ಇಲವಾಲದ ಕಡೆಯಿಂದ ಬಂದ ಒಂದು ಸಂಸಾರವೂ ತಮ್ಮ ಹುಡುಗಿಯನ್ನು ಕೂರಿಸಿಕೊಂಡು ಗಂಡಿನವರಿಗಾಗಿ ಕಾಯುತ್ತಿತ್ತು. ಇದು ನಮಗೆ ಗೊತ್ತಿರಲಿಲ್ಲ. ಹಿರಿಯ ಸರ್ವರನಿಗೂ ಗೊತ್ತಿರಲಿಲ್ಲ. ಹೆಣ್ಣು ನೋಡುವವರು ಬಂದರೆ ಕಮಾನಿನ ಟೇಬಲ್ಲಿಗೆ ಕರೆದುಕೊಂಡು ಬಾ ಎಂದು ಅವನಿಗೆ ನಾನೇ ಹೇಳಿದ್ದೆ. ಮೊದಲು ಬಂದ ಗಂಡಿನವರನ್ನು ಅವನು ಬಾಗಿಲಲ್ಲಿ ತಡೆದು, "ಹುಡುಗಿ ನೋಡೋಕೆ ಬಂದ್ರಾ?" ಎಂದು ಕೇಳಿದ. ಅವರು ಹೂಂ ಎಂದರು. ಕೈ ಹಿಡಿದು ಕರೆತಂದು ನಮ್ಮೆದುರು ಕೂರಿಸಿದ. ಬಂದವರು ಮೂವರು: ತಂದೆ, ತಾಯಿ, ಮಗ. ನಮಸ್ಕಾರ, ನಮಸ್ಕಾರ ಎಂದಾಯಿತು. ಯಾರೂ ಹೆಸರು ಹೇಳಲಿಲ್ಲ. ಗೊತ್ತಿರುವವರಿಗೆ ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ.

ಕೇಸರಿಬಾತು ಬಂತು. ಅಪ್ಪ ಗಂಟಲು ಸರಿಮಾಡಿಕೊಂಡು, "ಹುಡುಗನಿಗೆ ಕೆಲಸ ಬಹಳ ಇರಬೇಕು," ಎಂದರು.

"ಬೆಳಿಗ್ಗೆ ಎದ್ರೆ ಸಾಯಂಕಾಲದಗಂಟ ಮಂಡಿ ನೋಡ್ಕೋತಾನೆ ಸ್ವಾಮಿ. ಬೇರೆ ಗ್ಯಾನವೇ ಇಲ್ಲ," ಎಂದಿತು ಎದುರಿನ ಕತ್ತಲು.

ಮೂಳೆ ಡಾಕ್ಟರ ತಂದೆ ಹಾಗೆ ಹೇಳುವುದರಲ್ಲಿ ನಮಗೆ ಆಶ್ಚರ್ಯವೇನೂ ಕಾಣಲಿಲ್ಲ. ಮಾತಿನ ಧಾಟಿ ಮಾತ್ರ ಅಮ್ಮನಿಗೆ ಸ್ವಲ್ಪ ಬೇರೆಯೆನಿಸಿತಂತೆ. ಹಾಸನದ ಕಡೆ ಹೀಗೇ ಇರಬೇಕು ಎಂದುಕೊಂಡರಂತೆ.

"ಈಗ ಮಂಡಿಯದೇ ಜಾಸ್ತಿ ಅಂತ ಕೇಳಿದೀನಿ," ಎಂದರು ಅಪ್ಪ.

"ಸಂಕ್ರಾಂತಿ ಅತ್ರ ಬಂದ್ರಂತೂ ನಿಂತ್ಕೊಳ್ಳೋಕೆ ಜಾಗ ಇರಕಿಲ್ಲ. ಲಾರಿಗಟ್ಲೆ ಬಂದು ಇಳೀತವೆ."

"ಚಳಿಗಾಲದಲ್ಲಿ ನೋವು ಹೆಚ್ಚು, ಅಲ್ಲವೇ."

"ನೋವೇನು ಬಂತು ಸ್ವಾಮಿ, ನಮ್ಗೆ ಅದೇ ಸುಗ್ಗಿ."

ಅಪ್ಪ ಕುರ್ಚಿ ಮುಂದಕ್ಕೆಳೆದುಕೊಂಡರು. ಇಷ್ಟು ನೇರವಾಗಿ ಮಾತಾಡುವ ವೈದ್ಯರ ಮನೆಯವರನ್ನು ಅವರು ನೋಡಿರಲಿಲ್ಲ. ಆಮೇಲೆ ದನಿ ತಗ್ಗಿಸಿ, "ನನಗೂ ಈ ಎಡಗಡೆ ಮಂಡಿ ಒಂದು ತೊಂದರೆ ಕೊಡ್ತಾ ಇದೆ," ಎಂದರು.

"ಎಡಗಡೆ ಮಂಡಿಯೋರು ಎಲ್ರಿಗೂ ತೊಂದ್ರೆ ಕೊಡ್ತಾರೆ. ಅವ್ರನ್ನ ಬುಟ್ಬುಡಿ. ನಮ್ಮಲ್ಲಿಗೆ ಬನ್ನಿ ಸ್ವಾಮಿ, ಬಂದೋರ್ನ ಬರಿಗೈಲಿ ಕಳ್ಸಲ್ಲ."

ಮಠದ ವಿಷಯ ಬಂತು. ಸ್ವಾಮಿಗಳ ಅಪ್ಪಣೆಯಾದ ಮೇಲೇ ಮುಂದಿನ ಮಾತು ಎಂದು ಅವರು ಹೇಳಿದರು. ನಮ್ಮಲ್ಲೂ ಹಾಗೇ ಎಂದು ಅಪ್ಪ ತುಂಬು ತೃಪ್ತಿಯಿಂದ ಒಪ್ಪಿದರು. ಇಬ್ಬರೂ ತಂತಮ್ಮ ಮಠವನ್ನು ಮನಸ್ಸಿನಲ್ಲಿಟ್ಟುಕೊಂಡು ಅರ್ಧ ಗಂಟೆ ಮಠದ ಹಿರಿಮೆಯನ್ನು ಆಡಿಕೊಂಡರು. ಒಂದು ಮಾತಿಗೂ ಭಿನ್ನಾಭಿಪ್ರಾಯ ಬರಲಿಲ್ಲ.

ಹುಡುಗ ನನ್ನ ಎದುರಿನ ಕುರ್ಚಿಯಲ್ಲಿದ್ದ. ನನಗೆ ಕಂಡಿದ್ದು ಅವನ ಕೈಗಡಿಯಾರ ಮಾತ್ರ. ದೊಡ್ಡವರು ಮಾತಿನಲ್ಲಿ ಮುಳುಗಿದ ಮೇಲೆ ಅವನು ಮೆಲ್ಲಗೆ, "ನೀವು ಏನ್ ಕೆಲಸ ಮಾಡ್ತೀರಿ?" ಎಂದು ಕೇಳಿದ. ಇದೇ ಹಾಲಿನ ದೀಪದ ಕೆಲಸದಲ್ಲಿದ್ದೆ ಎಂದೆ.

"ಈ ಕತ್ಲೆ ನೀವು ಮಾಡಿದ್ದಾ?"

"ನಾನೂ ಇದ್ದೆ."

"ಒಳ್ಳೇದಾಯ್ತು. ನಾನು ಕಪ್ಪಗಿದೀನಿ ಅಂತ ನಮ್ಮವ್ವ ದಾರಿಯುದ್ದಕ್ಕೂ ಯೋಚ್ನೆ ಮಾಡ್ತಿತ್ತು."

ನಾನು ನಕ್ಕೆ. ಅದುವರೆಗಿನ ಯಾವ ಗಂಡಿನ ಮುಂದೆಯೂ ನಾನು ನಕ್ಕಿರಲಿಲ್ಲ. ಹಲ್ಲು ಕಾಣಿಸಬೇಡವೆಂದು ಅಮ್ಮ ಹೇಳುತ್ತಿದ್ದರು. ಇಲ್ಲಿ ಹಲ್ಲು ಕಾಣುವ ಭಯವಿರಲಿಲ್ಲ. ಸೆರಗು ಸರಿಯಿದೆಯೋ, ಕುತ್ತಿಗೆ ಬಗ್ಗಿಸಿದ್ದೇನೋ ಎಂಬ ಯೋಚನೆಯೂ ಬರಲಿಲ್ಲ. ನಾನು ಹೇಳಿದ್ದನ್ನು ಒಬ್ಬರು ಕಿವಿಗೊಟ್ಟು ಕೇಳುತ್ತಿದ್ದರು, ಅಷ್ಟೆ. ಆ ಹಾಲು ಏಕೆ ಚೆನ್ನಾಗಿದೆಯೆಂದು ಅವನಿಗೆ ಬಹಳ ಹೊತ್ತು ವಿವರಿಸಿದೆ. ಆಮೇಲೆ ಅವನ ಕೆಲಸದ ಬಗ್ಗೆ ಕೇಳಿದೆ.

"ಮುಟ್ಟಿ ನೋಡಿದ್ರೆ ಗೊತ್ತಾಗೋಗುತ್ತೆ," ಎಂದ. "ಗಟ್ಟಿಯಾಗಿದ್ರೆ ಭಯ ಇಲ್ಲ. ಮೆತ್ತಗಾಗಿ ನೀರಾಡೋಕೆ ಶುರುವಾದ್ರೆ ಇಟ್ಕೋಬಾರದು, ಸಾಗಾಕ್ಬುಡ್ಬೇಕು."

"ಎಲ್ಲಿಗೆ?"

"ಕೇರಳಕ್ಕೆ."

ಇಂಗ್ಲಿಷ್ ಡಾಕ್ಟರಾಗಿದ್ದರೂ ಆಯುರ್ವೇದದಲ್ಲಿ ನಂಬಿಕೆ ಇಟ್ಟಿದ್ದಾನಲ್ಲ ಎಂದು ನನಗೆ ಅವನ ಮೇಲೆ ಗೌರವ ಹೆಚ್ಚಿತು.

ಅಷ್ಟರಲ್ಲಿ ಗೂಡಿನ ದೀಪಗಳು ಆರಿದವು. ಕರೆಂಟ್ ಹೋಯಿತು. ಹಿತ್ತಲಲ್ಲಿ ಜನರೇಟರ್ ಕೆಮ್ಮಿ, ನಡುಗಿ, ಹಿಡಿದುಕೊಂಡಿತು. ಟ್ಯೂಬ್‌ಲೈಟುಗಳು ಪಟಪಟನೆ ಹೊತ್ತಿಕೊಂಡು ಹಾಲು ಹಾಲಿನಂತೆಯೇ ಬೆಳ್ಳಗಾಯಿತು.

ಅಪ್ಪನ ಹಣೆಯ ಮೇಲೆ ಅಂಗಾರದ ಉದ್ದಗೆರೆ, ಕೆಳಗೆ ಅಕ್ಷತೆ. ಎದುರಿನವರ ಹಣೆಯ ಮೇಲೆ ವಿಭೂತಿಯ ಮೂರು ಅಡ್ಡಗೆರೆ. ಇಬ್ಬರೂ ಒಬ್ಬರ ಹಣೆಯನ್ನೊಬ್ಬರು ನೋಡಿದರು. ಇಬ್ಬರ ಕೈಯಲ್ಲೂ ಕೇಸರಿಬಾತಿನ ಚಮಚ ಹಾಗೆಯೇ ನಿಂತಿತ್ತು. ನನ್ನೆದುರಿನ ಹುಡುಗ ನನ್ನನ್ನು ನೋಡಿದ, ಕೂಡಲೇ ತಟ್ಟೆ ನೋಡಿದ. ಅವನು ಹೇಳಿದಷ್ಟೇನೂ ಕಪ್ಪಗಿರಲಿಲ್ಲ.

ಇನ್ನೊಂದು ಮೂಲೆಯ ಟೇಬಲ್ಲಿನಲ್ಲಿ, ಇಲವಾಲದ ಹುಡುಗಿಯ ಅಜ್ಜ ಪಂಚೆ ತೊಡೆಯವರೆಗೆ ಎತ್ತಿ ಕೂತಿದ್ದರು. ಕನ್ನಡಕದ ಯುವಕನೊಬ್ಬ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಅವರ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಮಡಿಸಿ ಬಿಡಿಸಿ ನೋಡುತ್ತಿದ್ದ. ಅವನ ಹಿಂದೆ ಕೂತಿದ್ದ ತಂದೆಯ ಹಣೆಯ ಮೇಲೂ ನಮ್ಮಂತೆಯೇ ಉದ್ದಗೆರೆ. ಹಾಸನದ ಡಾಕ್ಟರು. ಆ ಅಜ್ಜ ವ್ಯಾಪಾರ ವಿಚಾರಿಸಲೆಂದು "ಮಂಡಿ ಎಂಗೈತಪ್ಪ?" ಎಂದು ಕೇಳಿದ್ದರಂತೆ. ನೋಡದೆ ಹೇಗೆ ಹೇಳುವುದು ಎಂದು ಡಾಕ್ಟರು ನೆಲಕ್ಕಿಳಿದಿದ್ದರಂತೆ.

ಸದ್ದಡಗಿದ್ದು ನೋಡಿ ಯಜಮಾನರೇ ಗಲ್ಲೆಯಿಂದ ಎದ್ದು ಬಂದರು. ನಮ್ಮೆದುರು ಕೂತಿದ್ದವರನ್ನು ನೋಡಿ, "ಅಯ್ಯೋ, ಸಂತೆಪೇಟೆ ಬೆಲ್ಲದ ಮಂಡಿ ಸಾವ್ಕಾರ್ರು," ಎಂದರು. ಅವರಿಗೆ ಪರಿಚಯದವರೇ. ಒಂದು ಗಳಿಗೆಯಲ್ಲಿ ಎಲ್ಲ ಬಿಚ್ಚಿಕೊಂಡಿತು. ಅಪ್ಪ ಎದ್ದು ನಿಂತು ಕೈ ಮುಗಿದರು. ಸಾಹುಕಾರರೂ ಮುಗಿದರು. "ತಪ್ಪು ತಿಳ್ಕೋಬೇಡಿ ಸ್ವಾಮಿ." "ಛೆ, ತಾವು ಹಾಗನ್ನಬಾರದು." ಜಾತಿ ಕೆಟ್ಟಿತೆಂದು ಯಾರೂ ಅನ್ನಲಿಲ್ಲ, ಅನ್ನುವಷ್ಟು ಹೊಟ್ಟೆಯಲ್ಲಿ ಜಾಗವಿರಲಿಲ್ಲ, ಎಲ್ಲರೂ ಎರಡು ಸಲ ಕೇಸರಿಬಾತು ತಿಂದಾಗಿತ್ತು.

"ಆಗಿದ್ದಾಗೋಯ್ತು. ಗಂಡಿನೋರು ಅದಲು ಬದಲಾಗಿ ಬುಡಿ," ಎಂದರು ಯಜಮಾನರು.

ಗಂಡಿನ ಕಡೆಯವರು ಎರಡೂ ಮೂಲೆಯಿಂದ ಎದ್ದು ಹೊರಟರು. ಹಾಲಿನ ನಡುವೆ ಅವರು ಒಬ್ಬರನ್ನೊಬ್ಬರು ದಾಟುತ್ತಿದ್ದಾಗ ಕರೆಂಟ್ ಬಂದುಬಿಟ್ಟಿತು. ಜನರೇಟರ್ ನಿಂತಿತು. ಟ್ಯೂಬ್‌ಲೈಟು ಆರಿ, ಡಿಸೈನರನ ಕತ್ತಲು ಮತ್ತೆ ಬಂದು ಕೂತಿತು. ಕುರ್ಚಿ ಬಿದ್ದ ಸದ್ದಾಯಿತು. ಯಾರೋ "ನಾನು ಯಾರ ಕಡೆಯೋಳು?" ಎಂದು ಕೇಳುತ್ತಿದ್ದರು. ಅದು ಡಾಕ್ಟರ ತಾಯಿ ಎಂದು ಆಮೇಲೆ ತಿಳಿಯಿತು. ನಮ್ಮ ಟೇಬಲ್ಲಿಗೆ ಬಂದು ಕೂತ ಹೆಂಗಸನ್ನು ಅಮ್ಮ ಬಾಯ್ತುಂಬ ಮಾತಾಡಿಸಿದರು. ಅವರು ಬೆಂಗಳೂರಿನಿಂದ ಅರಮನೆ ನೋಡಲು ಬಂದು ದೋಸೆಗಾಗಿ ಕಾಯುತ್ತಿದ್ದವರು.

"ಮೇನ್ ಎಳೀರಪ್ಪ," ಎಂದು ಕತ್ತಲಲ್ಲಿ ಯಜಮಾನರ ದನಿ ಕೇಳಿಸಿತು. "ಆ ಕರೆಂಟ್ನ ತೆಗೀರಿ ಮೊದ್ಲು."

ಎಲೆಕ್ಟ್ರಿಷಿಯನ್ ಓಡಿಹೋಗಿ ಮೇನ್ ಸ್ವಿಚ್ಚನ್ನು ಎಳೆದ. ಜನರೇಟರ್ ಮತ್ತೆ ಗುಡುಗಿತು. ಬೆಳಕಿನಲ್ಲಿ ಎಲ್ಲರನ್ನೂ ಹಣೆ ನೋಡಿ ಬೇರ್ಪಡಿಸಿ ಕೂರಿಸಿದರು. ಹಾಸನದ ಡಾಕ್ಟರು ನನ್ನೆದುರು ಕೂತು, ನನ್ನ ಎತ್ತರ ಎಷ್ಟೆಂದು ಕೇಳಿದರು. ಅವರ ತಾಯಿ ಮೂಗಿನಿಂದ ಪಾದದವರೆಗೆ ಕಣ್ಣಾಡಿಸಿದರು. ನಾನು ಹಲ್ಲು ಕಾಣದಂತೆ ಕೂತಿದ್ದೆ. ವಾರದೊಳಗೆ, ಜಾತಕ ಕೂಡಿ ಬರಲಿಲ್ಲ ಎಂದು ಹೇಳಿ ಕಳಿಸಿದರು.

ಅಂದಿನಿಂದ ಸಂಜೆಯಾದರೆ ಮೇನ್ ಎಳೆಯುವುದು ಆ ಹೋಟೆಲಿನ ಪದ್ಧತಿಯಾಯಿತು. ಊರಿಗೆಲ್ಲ ಕರೆಂಟ್ ಇದ್ದಾಗಲೂ ಅಲ್ಲಿ ಜನರೇಟರ್ ಗುಡುಗುತ್ತಿತ್ತು, ಹಾಲು ಬೆಳ್ಳಗೆ ಹೊಳೆಯುತ್ತಿತ್ತು, ಜನ ತುಂಬುತ್ತಿದ್ದರು. ಕೆಲವು ತಿಂಗಳ ಮೇಲೆ ಡಿಸೈನರ್ ಒಬ್ಬ ಫೋಟೋಗ್ರಾಫರನನ್ನು ಕರೆದುಕೊಂಡು ಬಂದ. ಹಾಲಿನ ಚಿತ್ರ ಒಂದು ಪತ್ರಿಕೆಗೆ ಬೇಕಾಗಿತ್ತು. ಗಾಬರಿಯಿಂದ ಮೇನ್ ಹಾಕಿ, ಪರದೆ ಎಳೆದು, ಎಲ್ಲವನ್ನೂ ಮಂದ ಮಾಡಿದೆವು. ಫೋಟೋಗ್ರಾಫರ್ ಕ್ಯಾಮೆರಾದಲ್ಲಿ ಇಣುಕಿ ನೋಡಿ, ಏನೂ ಕಾಣುತ್ತಿಲ್ಲ, ಸ್ವಲ್ಪ ಬೆಳಕು ಬೇಕು ಎಂದ. ಡಿಸೈನರ್ ನನ್ನ ಮುಖ ನೋಡಿದ. ನಾನು ಯಜಮಾನರ ಮುಖ ನೋಡಿದೆ.

"ಏನಂತಾರವ್ವ?"

"ಕರೆಂಟ್ ತೆಗೀಬೇಕಂತೆ ಸಾರ್."

"ಅದಕ್ಕೇನಂತೆ," ಎಂದು ಯಜಮಾನರು ಎಲೆಕ್ಟ್ರಿಷಿಯನ್ನಿಗೆ ಸನ್ನೆ ಮಾಡಿದರು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ತೆಗೆದ ಆ ಚಿತ್ರವನ್ನು ಎಲ್ಲೋ ಕಪ್ಪಗೆ ಮಾಡಿ ಅಚ್ಚು ಹಾಕಿದರು. ಕತ್ತಲು ಬಹಳ ಚೆನ್ನಾಗಿ ಬಂದಿತ್ತು.

ಬೆಲ್ಲದ ಮಂಡಿಯ ಹುಡುಗನಿಗೂ ಇಲವಾಲದ ಹುಡುಗಿಗೂ ಆ ವರ್ಷವೇ ಮದುವೆಯಾಯಿತು. ಹಾಸನದ ಡಾಕ್ಟರು ಆ ಅಜ್ಜನ ಮೊಣಕಾಲಿಗೆ ಕೊನೆಯವರೆಗೂ ಔಷಧ ಕೊಟ್ಟರೆಂದು ಕೇಳಿದೆ. ಅಪ್ಪನಿಗೆ ಸಾಹುಕಾರರ ಸ್ನೇಹವಾಯಿತು. ಆ ದಿನ ಕತ್ತಲಲ್ಲಿ ಆಡಿದ ಮಾತು ಅರ್ಧಕ್ಕೆ ನಿಂತಿತ್ತೆಂದು ಅಪ್ಪ ಒಂದು ಬೆಳಿಗ್ಗೆ ಸಂತೆಪೇಟೆಗೆ ನಡೆದುಕೊಂಡು ಹೋದರು. ಆಮೇಲೆ ಹೋಗುತ್ತಲೇ ಇದ್ದರು. ಇಬ್ಬರೂ ಬೆಲ್ಲದ ಪಿಂಡಿಗಳ ನಡುವೆ ಕೂತು ಮಠಗಳ ವಿಚಾರ ಮಾತಾಡುತ್ತಿದ್ದರು. ಈಗ ಯಾವ ಮಠ ಎಂದು ಗೊತ್ತಿದ್ದದ್ದರಿಂದ ಜಗಳವೂ ಆಗುತ್ತಿತ್ತಂತೆ.

ನನಗೆ ಮದುವೆಯಾದದ್ದು ಎರಡು ವರ್ಷದ ಮೇಲೆ, ಬೋಗಾದಿಯಲ್ಲಿ ಹೊಸದಾಗಿ ಮನೆ ಕಟ್ಟಿಸುತ್ತಿದ್ದ ಒಬ್ಬ ಮೇಷ್ಟರ ಜೊತೆ. ಕೋಣೆಗಳ ಬಣ್ಣದ ವಿಚಾರ ಕೇಳಲು ಬಂದವರು ಅವರು. ಮದುವೆಗೆ ಮುಂಚಿನ ಸಂಕ್ರಾಂತಿಯಲ್ಲಿ ಅಪ್ಪ ನನ್ನನ್ನು ಎಳ್ಳಿಗೆ ಬೆಲ್ಲ ತರಲು ಮಂಡಿಗೆ ಕರೆದುಕೊಂಡು ಹೋದರು. ಸಾಹುಕಾರರು ಎಲ್ಲಿಗೋ ಹೋಗಿದ್ದರಿಂದ ಅಪ್ಪ ಹೊರಗೇ ನಿಂತರು. ಗಲ್ಲೆಯ ಮೇಲೆ ಕೂತಿದ್ದವನನ್ನು ಬಿಸಿಲಿನಲ್ಲಿ ನಾನು ಗುರುತು ಹಿಡಿಯಲಿಲ್ಲ. ಅವನೂ ಹಿಡಿಯಲಿಲ್ಲ, ಬೇರೆ ಗಿರಾಕಿಗಳನ್ನು ಕೇಳುವಂತೆ, ಎಷ್ಟು ಬೇಕು ಎಂದು ಕೇಳಿದ. ದನಿ ಕೇಳಿ ನಾನು ತಲೆಯೆತ್ತಿದೆ. ಗಟ್ಟಿಯಿರೋದು ಕೊಡಿ, ನೀರಾಡೋದು ಬೇಡ ಎಂದೆ. ಅವನು ತಕ್ಕಡಿ ಕೆಳಗಿಟ್ಟ.

"ನೀವಾ?" ಎಂದ.

"ಹೂಂ."

ಅವನು ಒಳಗಿನ ಸಾಲಿಗೆ ಹೋಗಿ, ಒಂದೊಂದು ಅಚ್ಚನ್ನೂ ಬೆರಳಿನಿಂದ ಒತ್ತಿ ನೋಡಿ, ಆರಿಸಿ ತಂದು ಕಾಗದದಲ್ಲಿ ಕಟ್ಟಿಕೊಟ್ಟ. ಕೇರಳಕ್ಕೆ ಹೋಗುವುದೆಲ್ಲ ಪಕ್ಕಕ್ಕಿಟ್ಟಿದೀನಿ ಎಂದ. ಅಪ್ಪ ಹೊರಗೆ ನೆರಳಿನಲ್ಲಿ ನಿಂತು ಮಂಡಿ ನೀವಿಕೊಳ್ಳುತ್ತಿದ್ದರು. ನಾವಿಬ್ಬರೂ ಆಟೋ ಹಿಡಿದು ಮನೆಗೆ ಬಂದೆವು.